ಸೇವ್ ಒತ್ತಿದರೂ ಕೊನೆಯ ತಿದ್ದುಪಡಿ ಉಳಿಯುತ್ತಿಲ್ಲ, ಅಳಿಸಿದ ಸಾಲು ಮರಳಿ ಬರುತ್ತಿದೆ

ಪ್ರಶ್ನೆ

ವಿಂಡೋಸ್ ಫಾರ್ಮ್ಸ್‌ನಲ್ಲಿ (ಡಾಟ್‌ನೆಟ್‌ನ ಡೆಸ್ಕ್‌ಟಾಪ್ ಚೌಕಟ್ಟು) ಬರೆದ ಅಪ್ಲಿಕೇಶನ್ ಒಂದರಲ್ಲಿ ಆರ್ಡರಿನ ಸಾಲುಗಳನ್ನು ಡೇಟಾಸೆಟ್‌ಗೆ (ಮೆಮೊರಿಯಲ್ಲಿರುವ ದತ್ತಾಂಶದ ಪ್ರತಿ) ತುಂಬಿ, ದತ್ತಾಂಶವನ್ನೂ ತೆರೆಯನ್ನೂ ಬೆಸೆಯುವ ಬೈಂಡಿಂಗ್‌ಸೋರ್ಸ್ ಮೂಲಕ ಗ್ರಿಡ್‌ಗೆ ಜೋಡಿಸಿದ್ದೇನೆ. ಸೇವ್ ಒತ್ತುವವರೆಗೆ ಯಾವ ಬದಲಾವಣೆಯೂ ಡೇಟಾಬೇಸಿಗೆ ಹೋಗಬಾರದು, ಕ್ಯಾನ್ಸಲ್ ಒತ್ತಿದರೆ ಎಲ್ಲವೂ ಮೊದಲಿನಂತಾಗಬೇಕು ಎಂಬುದು ಉದ್ದೇಶ. ಆದರೆ ಕೊನೆಯ ಸಾಲಿನ ಪ್ರಮಾಣವನ್ನು 5ರಿಂದ 8ಕ್ಕೆ ತಿದ್ದಿ ನೇರವಾಗಿ ಟೂಲ್‌ಬಾರಿನ ಸೇವ್ ಒತ್ತಿದರೆ, ಡೇಟಾಸೆಟ್ ಬದಲಾಗಿದೆಯೇ ಎಂದು ಹೇಳುವ ಹ್ಯಾಸ್‌ಚೇಂಜಸ್ ಬದಲಾವಣೆಯೇ ಇಲ್ಲವೆನ್ನುತ್ತದೆ. ಬೇರೆ ಸಾಲಿಗೆ ಹೋಗಿ ಬಂದು ಒತ್ತಿದರೆ ಸರಿಯಾಗಿ ಉಳಿಯುತ್ತದೆ. ಕೋಡ್ ಮೂಲಕ ಅಳಿಸಿದ ಸಾಲುಗಳೂ ಫಾರ್ಮನ್ನು ಮತ್ತೆ ತೆರೆದಾಗ ಪ್ರತ್ಯಕ್ಷವಾಗುತ್ತವೆ. ತಪ್ಪು ಎಲ್ಲಿದೆ?

ಉತ್ತರ 1

ಇವು ಎರಡು ಬೇರೆ ಬೇರೆ ತಪ್ಪುಗಳು. ನೀವು ಟೈಪ್ ಮಾಡಿದ 8 ಮೊದಲು ಗ್ರಿಡ್‌ನ ಕೋಶದಲ್ಲಿ ಮಾತ್ರ ಇರುತ್ತದೆ, ಅಲ್ಲಿಂದ ಸಾಲಿನ 'ಪ್ರಪೋಸ್ಡ್' (ಇನ್ನೂ ಖಚಿತವಾಗದ) ಆವೃತ್ತಿಗೆ ಬರುತ್ತದೆ, ತಿದ್ದುಪಡಿಯನ್ನು ಮುಗಿಸುವ ಎಂಡ್‌ಎಡಿಟ್ ಆದ ಮೇಲಷ್ಟೇ ಅದು 'ಕರೆಂಟ್' ಮೌಲ್ಯವಾಗಿ ಸಾಲಿನ ಸ್ಥಿತಿ 'ಮಾಡಿಫೈಡ್' ಆಗುತ್ತದೆ. ಬೇರೆ ಸಾಲಿಗೆ ಹೋದಾಗ ಇದು ತಾನಾಗಿಯೇ ನಡೆಯುತ್ತದೆ. ಟೂಲ್‌ಸ್ಟ್ರಿಪ್‌ನ ಬಟನ್ ಫೋಕಸ್ ತೆಗೆದುಕೊಳ್ಳದ ಕಾರಣ ನಿಮ್ಮಲ್ಲಿ ನಡೆಯುತ್ತಿಲ್ಲ. ಆದ್ದರಿಂದ ಸೇವ್‌ನಲ್ಲಿ ಮೊದಲು ಕೋಶದ ಮೌಲ್ಯವನ್ನು ಸಾಲಿಗೆ ತಲುಪಿಸುವ ಫಾರ್ಮಿನ ವ್ಯಾಲಿಡೇಟ್, ನಂತರ ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್, ಆಮೇಲೆ ಹ್ಯಾಸ್‌ಚೇಂಜಸ್ ಬರಲಿ.

ಅಳಿಸಲು ಬಹುಶಃ ರೋಸ್.ರಿಮೂವ್ ಬಳಸಿದ್ದೀರಿ. ಅದು ಸಾಲನ್ನು ಟೇಬಲ್‌ನಿಂದಲೇ ಕಿತ್ತುಹಾಕುವುದರಿಂದ, ಹಾಗೊಂದು ಸಾಲು ಇತ್ತೆಂಬುದೇ ಬದಲಾವಣೆಗಳನ್ನು ಡೇಟಾಬೇಸಿಗೆ ಕಳಿಸುವ ಡೇಟಾಅಡಾಪ್ಟರ್‌ಗೆ ತಿಳಿಯುವುದಿಲ್ಲ. ಸಾಲಿನ ಡಿಲೀಟ್ ಕರೆದರೆ 'ಡಿಲೀಟೆಡ್' ಎಂಬ ಗುರುತು ಉಳಿಯುತ್ತದೆ, ಅಡಾಪ್ಟರ್‌ನ ಅಪ್‌ಡೇಟ್ ಅದನ್ನು ನೋಡಿಯೇ ಡೇಟಾಬೇಸಿನಲ್ಲೂ ಅಳಿಸುತ್ತದೆ.

ಉತ್ತರ 2

ಅಕ್ಸೆಪ್ಟ್‌ಚೇಂಜಸ್ ಅನ್ನು ಅಪ್‌ಡೇಟ್‌ಗಿಂತ ಮೊದಲು ಎಲ್ಲಿಯಾದರೂ ಕರೆಯುತ್ತಿದ್ದೀರಾ ಎಂಬುದನ್ನೂ ನೋಡಿ. ಹೆಸರು ದಾರಿ ತಪ್ಪಿಸುವಂತಿದೆ: ಅದು ಏನನ್ನೂ ಉಳಿಸುವುದಿಲ್ಲ, ಏನು ಬದಲಾಗಿದೆ ಎಂಬ ಲೆಕ್ಕವನ್ನೇ ಒರೆಸಿಬಿಡುತ್ತದೆ. ಟ್ರಾನ್ಸಾಕ್ಷನ್ (ಎಲ್ಲ ಬದಲಾವಣೆಗಳೂ ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ರದ್ದಾಗುವ ವ್ಯವಸ್ಥೆ) ಬಳಸುವವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಅಪ್‌ಡೇಟ್ ಪ್ರತಿ ಸಾಲು ಯಶಸ್ವಿಯಾದಂತೆ ಅದನ್ನು 'ಅನ್‌ಚೇಂಜ್ಡ್' ಮಾಡುತ್ತಾ ಹೋಗುವುದರಿಂದ, ಮೂರನೆಯ ಸಾಲಿನಲ್ಲಿ ದೋಷ ಬಂದು ರೋಲ್‌ಬ್ಯಾಕ್ ಆದರೆ (ಎಲ್ಲವೂ ರದ್ದಾದರೆ), ಮೊದಲ ಎರಡು ಸಾಲುಗಳು ಡೇಟಾಬೇಸಿನಲ್ಲಿ ಇಲ್ಲದಿದ್ದರೂ ಉಳಿದಂತೆ ತೋರುತ್ತವೆ. ಅಡಾಪ್ಟರ್‌ನ ಅಕ್ಸೆಪ್ಟ್‌ಚೇಂಜಸ್‌ಡ್ಯೂರಿಂಗ್‌ಅಪ್‌ಡೇಟ್ ಅನ್ನು ಫಾಲ್ಸ್ ಮಾಡಿ, ಕಮಿಟ್ ಆದ (ಟ್ರಾನ್ಸಾಕ್ಷನ್ ಖಚಿತವಾದ) ನಂತರ ನೀವೇ ಅಕ್ಸೆಪ್ಟ್‌ಚೇಂಜಸ್ ಕರೆಯಿರಿ. ಕ್ಯಾನ್ಸಲ್ ಬಟನ್‌ಗೆ, ನಡೆಯುತ್ತಿರುವ ತಿದ್ದುಪಡಿಯನ್ನು ಕೈಬಿಡುವ ಕ್ಯಾನ್ಸಲ್‌ಎಡಿಟ್, ಅದರ ಹಿಂದೆಯೇ ಉಳಿದ ಬದಲಾವಣೆಗಳನ್ನು ಹಿಂದಿನಂತೆ ಮಾಡುವ ರಿಜೆಕ್ಟ್‌ಚೇಂಜಸ್ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವ್ಯಾಲಿಡೇಟ್ ಮತ್ತು ಎಂಡ್‌ಎಡಿಟ್ ಸೇರಿಸಿದ ಮೇಲೆ 8 ಉಳಿಯುತ್ತಿದೆ. ರಿಮೂವ್ ಇದ್ದದ್ದೂ ನಿಜ. ಡಿಲೀಟ್‌ಗೆ ಬದಲಾಯಿಸಿದೆ, ಆದರೆ ಈಗ ಒಟ್ಟು ಮೊತ್ತ ಕೂಡಿಸುವ ಲೂಪ್ ಅಳಿಸಿದ ಸಾಲಿನ ಬಳಿ ಎಕ್ಸೆಪ್ಶನ್ ಕೊಟ್ಟು ನಿಲ್ಲುತ್ತಿದೆ.

ಉತ್ತರ 1

ಆ ಸಾಲು ಗ್ರಿಡ್‌ನಲ್ಲಿ ಕಾಣದಿದ್ದರೂ ಟೇಬಲ್‌ನಲ್ಲಿ ಇನ್ನೂ ಇದೆ. ಲೂಪಿನೊಳಗೆ ರೋಸ್ಟೇಟ್ (ಸಾಲಿನ ಸ್ಥಿತಿ) 'ಡಿಲೀಟೆಡ್' ಆಗಿರುವ ಸಾಲುಗಳನ್ನು ಬಿಟ್ಟು ಮುಂದೆ ಹೋಗಿ. ಅದರ ಹಳೆಯ ಮೌಲ್ಯವೇ ಬೇಕಿದ್ದರೆ 'ಒರಿಜಿನಲ್' ಆವೃತ್ತಿಯಿಂದ ಓದಬಹುದು.