ಪದಚರ್ಚೆ: ಸಿಗ್ನಲ್ ಜನರೇಟರ್‌ಗೆ ಫಲಕದಲ್ಲಿ ಏನು ಬರೆಯೋಣ? (ತುರ್ತು)

ಶಿವಮೊಗ್ಗದಿಂದ

ಇಲ್ಲಿನ ಕಾಲೇಜೊಂದರ ಹಳೆ ರೇಡಿಯೋ ಪ್ರದರ್ಶನಕ್ಕೆ ಫಲಕ ಬರೆಸುತ್ತಿದ್ದೇವೆ. ವಾಲ್ವ್ ಸೆಟ್ಟುಗಳ ಪಕ್ಕದ ಮೇಜಿನ ಮೇಲೆ ಮೂರು ಸಿಗ್ನಲ್ ಜನರೇಟರ್ (ರೇಡಿಯೋ ಪರೀಕ್ಷೆಗೆ ಬೇಕಾದ ಅಲೆ ಹೊರಡಿಸುವ ಪೆಟ್ಟಿಗೆ) ಇವೆ: ಮಾರ್ಕೋನಿ ಟಿಎಫ್ 144ಜಿ, ಹೀತ್‌ಕಿಟ್ ಎಸ್‌ಜಿ-8, ಇನ್ನೊಂದು ಲೀಡರ್ ಕಂಪನಿಯದು. ಮೂರಕ್ಕೂ ಒಪ್ಪುವ, ಒಂದೇ ಸಾಲಿನ ಕನ್ನಡ ಹೆಸರು ಬೇಕು. ನಾಳೆ ಬೆಳಿಗ್ಗೆ ಪೇಂಟರ್ ಕೈಗೆ ಕೊಡಬೇಕು. ಕರಡಿನಲ್ಲಿ ‘ಸಂಕೇತ ಉತ್ಪಾದಕ’ ಎಂದಿದೆ, ಯಾಕೋ ಒಗ್ಗುತ್ತಿಲ್ಲ. ‘ಜನರೇಟರ್’ ಎಂದಷ್ಟೇ ಬರೆದರೆ ಕರೆಂಟು ಹೋದಾಗ ಹಾಕುವ ಡೀಸೆಲ್ ಯಂತ್ರ ಅಂದುಕೊಳ್ಳುತ್ತಾರೆ.

ಸಾಗರದಿಂದ

‘ಸಂಕೇತ’ ಬೇಡ. ಸಂಕೇತ ಏನನ್ನಾದರೂ ಸೂಚಿಸಬೇಕು. ಮಾಡ್ಯುಲೇಶನ್ (ಅಲೆಯ ಮೇಲೆ ಸದ್ದು ಹೇರುವುದು) ಆಫ್ ಮಾಡಿದರೆ ಈ ಪೆಟ್ಟಿಗೆಯಿಂದ ಬರುವುದು ಬರೀ ವಾಹಕ ತರಂಗ, ಸದ್ದು ಹೊರಬೇಕಾದ ಖಾಲಿ ಅಲೆ. ಆನ್ ಮಾಡಿದರೂ ಸಾಮಾನ್ಯವಾಗಿ 400 ಹರ್ಟ್ಸ್‌ನ ಒಂದೇ ಸಮನೆಯ ಸದ್ದು, ಅದರಲ್ಲಿ ಸುದ್ದಿಯೂ ಇಲ್ಲ, ಸೂಚನೆಯೂ ಇಲ್ಲ. ‘ಉತ್ಪಾದಕ’ ಅಡಿಕೆ, ಹಾಲು ಉತ್ಪಾದಿಸುವ ಮನುಷ್ಯರಿಗೆ ಸಲ್ಲುವ ಮಾತು.

ತೀರ್ಥಹಳ್ಳಿಯಿಂದ

ಸಲಕರಣೆಗೆ ಹೆಸರು ಕಟ್ಟುವ ದಾರಿ ಕನ್ನಡದಲ್ಲೇ ಇದೆ, ನಡೆಯುವವರಿಲ್ಲ. ಬಾಚು, ಬಾಚಣಿಗೆ. ಬೀಸು, ಬೀಸಣಿಗೆ. ಹಾಗೆಯೇ ಹೊಮ್ಮು, ಹೊಮ್ಮಣಿಗೆ. ‘ಅಲೆಹೊಮ್ಮಣಿಗೆ’ ಎಂದು ಬರೆಸಿ. ಆರೇ ಅಕ್ಷರ, ಅಚ್ಚಗನ್ನಡ.

ಸಾಗರದಿಂದ

ಬೆಳವಣಿಗೆ, ಬರವಣಿಗೆ, ಮೆರವಣಿಗೆ ಯಾವ ಸಲಕರಣೆಗಳು? ‘ಅಣಿಗೆ’ ಕ್ರಿಯೆಗೂ ಹೆಸರು ಕೊಡುತ್ತದೆ. ‘ಹೊಮ್ಮಣಿಗೆ’ ಓದಿದವನಿಗೆ ಹೊಮ್ಮುವಿಕೆ ಅನ್ನಿಸುತ್ತದೆ, ಪೆಟ್ಟಿಗೆ ಕಾಣುವುದಿಲ್ಲ.

ಕೊಪ್ಪದಿಂದ

‘ತರಂಗಾಂತರ ಜನಕ’ ಆಗಬಹುದಲ್ಲ? ತರಂಗಾಂತರ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ವಿದ್ಯುಜ್ಜನಕ ಪಠ್ಯದಲ್ಲಿದೆ.

ಭದ್ರಾವತಿಯಿಂದ

ಆಗದು. ತರಂಗಾಂತರ ಅಂದರೆ ಅಲೆಯಿಂದ ಅಲೆಗೆ ಇರುವ ದೂರ, ಅಳತೆ ಮೀಟರಿನಲ್ಲಿ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಆವರ್ತಾಂಕ (ಸೆಕೆಂಡಿಗೆ ಎಷ್ಟು ಅಲೆ ಎಂಬ ಲೆಕ್ಕ), ಅದರ ತರಂಗಾಂತರ ಸುಮಾರು 444 ಮೀಟರ್. ಪತ್ರಿಕೆಯವರು ಎರಡನ್ನೂ ಒಂದು ಮಾಡಿಟ್ಟಿದ್ದಾರೆ ಅಂತ ನಾವೂ ಫಲಕಕ್ಕೆ ಹತ್ತಿಸುವುದು ಬೇಡ.

ಹೆಸರಿಡುವ ಮೊದಲು ಆ ಪೆಟ್ಟಿಗೆಯ ಕೆಲಸ ನೋಡಿ. ಸೂಪರ್‌ಹೆಟ್ ಸೆಟ್ಟಿನ, ಅಂದರೆ ಯಾವ ನಿಲಯವನ್ನೂ ಒಳಗೆ ಒಂದೇ ಆವರ್ತಾಂಕಕ್ಕೆ ಬದಲಿಸಿಕೊಳ್ಳುವ ರೇಡಿಯೋದ, ಐಎಫ್ (ಆ ಒಳಗಿನ ಆವರ್ತಾಂಕ) ಹೊಂದಿಸಬೇಕು ಅನ್ನಿ. ಜನರೇಟರ್, ರೇಡಿಯೋ ಎರಡನ್ನೂ ಇಪ್ಪತ್ತು ನಿಮಿಷ ಬಿಸಿಯಾಗಲು ಬಿಡಬೇಕು, ಅಲ್ಲಿಯವರೆಗೆ ಆವರ್ತಾಂಕ ಸರಿಯುತ್ತಲೇ ಇರುತ್ತದೆ. ಗ್ಯಾಂಗ್ ಕಂಡೆನ್ಸರಿನ (ನಿಲಯ ಹಿಡಿಯಲು ತಿರುಗುವ ಭಾಗ) ಆಸಿಲೇಟರ್ ಭಾಗವನ್ನು ಶಾರ್ಟ್ ಮಾಡಿ, ಜನರೇಟರನ್ನು 455 ಕಿಲೋಹರ್ಟ್ಸ್‌ಗೆ ಇಟ್ಟು, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಆವರ್ತಾಂಕ ಬದಲಿಸುವ ಕನ್ವರ್ಟರ್ ವಾಲ್ವಿನ ಸಿಗ್ನಲ್ ಗ್ರಿಡ್‌ಗೆ ಕೊಡಿ. ಹಳೆ ಬ್ರಿಟಿಷ್ ಸೆಟ್ಟಾದರೆ 465 ಇರಬಹುದು, ಸೆಟ್ಟಿನ ಸರ್ವಿಸ್ ಶೀಟ್ ನೋಡದೆ ಮುಟ್ಟಬೇಡಿ. ಕೊನೆಯ ಐಎಫ್‌ಟಿಯಿಂದ (ಐಎಫ್ ಟ್ರಾನ್ಸ್‌ಫಾರ್ಮರ್) ಹಿಂದಕ್ಕೆ ಬರುತ್ತಾ ಒಂದೊಂದೇ ಸ್ಲಗ್ (ಸುರುಳಿಯೊಳಗಿನ ತಿರುಪು ತಿರುಳು) ತಿರುಗಿಸಿ ಸದ್ದು ಅತಿ ಜೋರಾಗುವಲ್ಲಿ ನಿಲ್ಲಿಸಬೇಕು. ವಾಲ್ಯೂಮ್ ಪೂರ್ತಿ ಏರಿಸಿ, ಜನರೇಟರಿನ ಔಟ್‌ಪುಟ್ ಕೇಳಿಯೂ ಕೇಳಿಸದಷ್ಟು ತಗ್ಗಿಸಿ. ಔಟ್‌ಪುಟ್ ಹೆಚ್ಚಾದರೆ ಎವಿಸಿ (ಸದ್ದನ್ನು ತಾನೇ ಒಂದೇ ಮಟ್ಟಕ್ಕೆ ತರುವ ಏರ್ಪಾಡು) ಅಡ್ಡ ಬಂದು ಪೀಕ್ ಚಪ್ಪಟೆಯಾಗುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಇಲ್ಲ. ಮಲೆನಾಡಿನ ಥಂಡಿಗೆ ಹಿಡಿದುಕೊಂಡ ಸ್ಲಗ್ಗನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿರುಚಿದರೆ ಸೀಳುತ್ತದೆ. ಅದರ ಮೇಲಿನ ಲೋಹದ ಕ್ಯಾನಿಗೆ ಸ್ವಲ್ಪ ಬಿಸಿಗಾಳಿ ಕೊಟ್ಟು ಪ್ಲಾಸ್ಟಿಕ್ ಕಡ್ಡಿ ಬಳಸಬೇಕು.

ಅಂದರೆ ಅದು ಕದಲದೆ ಒಂದೇ ಆವರ್ತಾಂಕ ಹಿಡಿದು ಕೂರುತ್ತದೆ, ಸೆಟ್ಟು ಅದಕ್ಕೆ ಬಂದು ಸೇರುತ್ತದೆ. ಭಾಗವತರ ಪಕ್ಕದ ಶ್ರುತಿಪೆಟ್ಟಿಗೆ ಮಾಡುವುದೂ ಇದನ್ನೇ. ‘ರೇಡಿಯೋ ಶ್ರುತಿಪೆಟ್ಟಿಗೆ’ ಅನ್ನಿ, ನೋಡಿದವರಿಗೆ ಅರ್ಥವಾಗುತ್ತದೆ.

ತೀರ್ಥಹಳ್ಳಿಯಿಂದ

ಅರಿಸಮಾಸ, ಬೇರೆ ಬೇರೆ ನುಡಿಯ ಪದಗಳ ಒಪ್ಪದ ಜೋಡಣೆ. ಶ್ರುತಿ ಸಂಸ್ಕೃತ, ಪೆಟ್ಟಿಗೆ ಕನ್ನಡ, ಮುಂದೆ ಇಂಗ್ಲಿಷಿನ ರೇಡಿಯೋ. ಮೂರು ಮನೆಯ ಮಾತು ಒಂದು ಚಾಪೆಯ ಮೇಲೆ.

ಸಾಗರದಿಂದ

ಮಳೆಗಾಲಕ್ಕೆ ಏನನ್ನುತ್ತೀರಿ?

ತೀರ್ಥಹಳ್ಳಿಯಿಂದ

‘ಕಾಲ’ ಸಮಸಂಸ್ಕೃತ, ರೂಪ ಬದಲಾಗದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ. ಅದಕ್ಕೆ ದೋಷವಿಲ್ಲ.

ಸಾಗರದಿಂದ

‘ಶ್ರುತಿ’ಯೂ ರೂಪ ಬದಲಾಗದೆ ಬಂದದ್ದೇ, ಕನ್ನಡದ ವಿಭಕ್ತಿ ಹತ್ತಿಸಿಕೊಂಡು ಓಡಾಡುತ್ತಿದೆ. ಒಂದಕ್ಕೆ ಬಾಗಿಲು ತೆಗೆದು ಇನ್ನೊಂದಕ್ಕೆ ಚಿಲಕ ಹಾಕುವುದು ವ್ಯಾಕರಣವಲ್ಲ.

ತೀರ್ಥಹಳ್ಳಿಯಿಂದ

ಹೀಗೆ ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಮಾತ್ರ. ರೇಡಿಯೋಗೆ ‘ಬಾನುಲಿ’ಯಂಥ ಚೆಂದದ ಪದ ಇತ್ತು, ಅದನ್ನೂ ಕೈಬಿಟ್ಟಿರಿ.

ಕೊಪ್ಪದಿಂದ

ಯಾರೂ ಬೇಕೆಂದು ಬಿಡಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಕೇಂದ್ರಕ್ಕೆ ‘ಆಕಾಶವಾಣಿ’ ಹೆಸರು ಬಂತು, ಅದು ದೇಶಕ್ಕೆಲ್ಲ ಹಬ್ಬಿತು. ಪೆಟ್ಟಿಗೆಗೆ ಮಾತ್ರ ಮನೆಮನೆಯಲ್ಲಿ ರೇಡಿಯೋ ಅಂದರು. ಬಾನುಲಿ ಪುಸ್ತಕದಲ್ಲಿ ಉಳಿಯಿತು. ಕೇಂದ್ರಕ್ಕೊಂದು, ಯಂತ್ರಕ್ಕೊಂದು, ಬರಹಕ್ಕೊಂದು. ಮೂರೂ ಇರಲಿ, ನುಡಿಗೆ ಭಾರವೇನಿಲ್ಲ.

ತೀರ್ಥಹಳ್ಳಿಯಿಂದ

ಭಾರದ ಮಾತಲ್ಲ, ಕಸುವಿನ ಮಾತು. ಹೊಸ ವಸ್ತುವಿಗೆ ಹೆಸರು ಹುಟ್ಟಿಸಲಾರದ ನುಡಿ ಸೊರಗುತ್ತದೆ.

ಶಿವಮೊಗ್ಗದಿಂದ

ದಯವಿಟ್ಟು ಫಲಕಕ್ಕೆ ಬನ್ನಿ. ದೊಡ್ಡಕ್ಷರದಲ್ಲಿ ‘ರೇಡಿಯೋ ಶ್ರುತಿಪೆಟ್ಟಿಗೆ’, ಕೆಳಗೆ ಸಣ್ಣದಾಗಿ ‘ಸಿಗ್ನಲ್ ಜನರೇಟರ್’. ಇಷ್ಟು ತೀರ್ಮಾನವಾಯಿತು. ಇನ್ನೆರಡು ಪ್ರಶ್ನೆ. ಎಸ್‌ಜಿ-8ರ ವಿವರದಲ್ಲಿ ‘220 ಮೆಗಾಹರ್ಟ್ಸ್‌ವರೆಗೆ’ ಎಂದು ಬರೆಯಬಹುದೇ? ‘ಡಯಲ್ ಕ್ಯಾಲಿಬ್ರೇಶನ್’ಗೆ ಏನು ಬರೆಯಲಿ?

ಭದ್ರಾವತಿಯಿಂದ

220 ಎಂದಷ್ಟೇ ಬರೆದರೆ ತಪ್ಪು. ಅದರ ಮೂಲ ಅಲೆ 160 ಕಿಲೋಹರ್ಟ್ಸ್‌ನಿಂದ 110 ಮೆಗಾಹರ್ಟ್ಸ್‌ವರೆಗೆ. ಅದರಾಚೆಯದು ಹಾರ್ಮೋನಿಕ್, ಮೂಲ ಅಲೆಯ ಎರಡರಷ್ಟು, ಮೂರರಷ್ಟು ಆವರ್ತಾಂಕದ ಜೊತೆಯಲೆ. ‘ಹಾರ್ಮೋನಿಕ್ ಮೂಲಕ 220’ ಎಂದು ಸೇರಿಸಿ.

ಕ್ಯಾಲಿಬ್ರೇಶನ್‌ಗೆ ‘ಡಯಲ್ ತಾಳೆ’ ಸಾಕು. ಅಳತೆ ತಾಳೆ ನೋಡುವುದು ಅಂಗಡಿಯಲ್ಲೂ ಆಡುವ ಮಾತು. ಕೆಲಸವೂ ಅದೇ: ಬೆಂಗಳೂರು 612, ಭದ್ರಾವತಿ 675, ಧಾರವಾಡ 765 ಕಿಲೋಹರ್ಟ್ಸ್. ಯಾವುದು ಸಿಗುತ್ತದೋ ಆ ನಿಲಯವನ್ನು ರೇಡಿಯೋದಲ್ಲಿ ಹಿಡಿದು, ಮಾಡ್ಯುಲೇಶನ್ ಆಫ್ ಮಾಡಿ, ಜನರೇಟರನ್ನು ಮೆಲ್ಲಗೆ ಅತ್ತ ತಂದರೆ ಸಿಳ್ಳೆ ಕೇಳುತ್ತದೆ. ಸಿಳ್ಳೆ ಇಳಿದಿಳಿದು ಅಡಗುವ ಜಾಗವೇ ಸರಿಯಾದ ಆವರ್ತಾಂಕ, ಡಯಲ್ ಮುಳ್ಳು ಅಲ್ಲಿ ಏನು ತೋರಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕೆಳಗಿನ ಬ್ಯಾಂಡಿಗೂ ಇದೇ ನಿಲಯ ಸಾಕು: 225ಕ್ಕೆ ಇಟ್ಟರೆ ಮೂರನೇ ಹಾರ್ಮೋನಿಕ್ 675ರ ಮೇಲೆ ಬಂದು ಕೂರುತ್ತದೆ.

ಪ್ರದರ್ಶನದಲ್ಲಿ ಚಾಲೂ ಮಾಡಿ ತೋರಿಸುವುದಿದ್ದರೆ ಇದನ್ನೂ ಓದಿಕೊಳ್ಳಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಪೆಟ್ಟಿಗೆಯನ್ನು ನೇರ ಪ್ಲಗ್ಗಿಗೆ ಹಾಕಬಾರದು. ಮೇಣದ ಪೇಪರ್ ಕೆಪಾಸಿಟರುಗಳು ಮಳೆಗಾಲದ ತೇವ ಹೀರಿ ಲೀಕ್ ಆಗಿರುತ್ತವೆ, ಬ್ಯಾಂಡ್ ಸ್ವಿಚ್ಚಿಗೆ ಕಿಲುಬು ಹಿಡಿದಿರುತ್ತದೆ. ಕೆಪಾಸಿಟರ್ ಬದಲಿಸಿ, 60 ವಾಟಿನ ಹಳೆ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಕರೆಂಟು ಕೊಡಿ. ಬಲ್ಬು ಕ್ಷಣ ಹೊತ್ತಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ತಕ್ಷಣ ತೆಗೆಯಿರಿ. 110 ವೋಲ್ಟಿನ ಅಮೆರಿಕನ್ ಮಾಲಾದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಎಸಿ/ಡಿಸಿ ಸೆಟ್ಟುಗಳ (ಟ್ರಾನ್ಸ್‌ಫಾರ್ಮರ್ ಇಲ್ಲದೆ ಎರಡೂ ಬಗೆಯ ಕರೆಂಟಿಗೆ ನಡೆಯುವವು) ಚಾಸಿಸ್‌ಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಮೇನ್ಸಿನ ಒಂದು ತಂತಿ ನೇರ ತಗಲಿರುತ್ತದೆ. ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಜನರೇಟರಿನ ಅರ್ತ್ ಅದಕ್ಕೆ ಸಿಕ್ಕಿಸಿದರೆ ಫ್ಯೂಸ್ ಹೋಗಬಹುದು, ಮುಟ್ಟಿದವರ ಜೀವಕ್ಕೂ ಅಪಾಯ. ಆ ಸೆಟ್ಟಿನ ಮುಂದೆ ‘ಮುಟ್ಟಬೇಡಿ, ಚಾಸಿಸ್‌ನಲ್ಲಿ ಕರೆಂಟಿದೆ’ ಅಂತ ಇನ್ನೊಂದು ಫಲಕ ಬರೆಸಿ.

ತೀರ್ಥಹಳ್ಳಿಯಿಂದ

ಆ ಎರಡನೇ ಫಲಕದಲ್ಲಿ ‘ಚಾಸಿಸ್’ ಬೇಡ, ‘ಒಳಕಟ್ಟು’ ಅನ್ನಿ.

ಭದ್ರಾವತಿಯಿಂದ

ಜೀವದ ಎಚ್ಚರಿಕೆಯಲ್ಲಿ ಹೊಸ ಪದ ಬೇಡ. ‘ಮುಟ್ಟಬೇಡಿ, ಒಳಗೆ ಕರೆಂಟಿದೆ’ ಅಂತಲೇ ಬರೆಸಿ.