ಬಗ್ ಫಿಕ್ಸ್ಡ್ ಅಂತ ಕ್ಲೋಸ್ ಆಗಿದೆ, ನನ್ನ ಹತ್ರ ಮಾತ್ರ ಇನ್ನೂ ಬರ್ತಿದೆ, ರೀಓಪನ್ ಮಾಡ್ಲಾ?

ಕೀಲಿಮಣೆ:
ನಮಸ್ಕಾರ ಎಲ್ಲರಿಗೂ. ನಾನು ಡೆವಲಪರ್ ಅಲ್ಲ, ದಿನಾ ಬಳಸೋನು ಅಷ್ಟೆ. ಒಂದು ಓಪನ್ ಸೋರ್ಸ್ ಎಡಿಟರ್‌ನಲ್ಲಿ ಫೈಲ್ ದೊಡ್ಡದಾದ್ರೆ ಆಟೋಸೇವ್ ಆದ್ಮೇಲೆ ಕೊನೇ ಸಾಲುಗಳು ಮಾಯ ಆಗ್ತವೆ, ನನ್ನ ಎರಡು ದಿನದ ಬರವಣಿಗೆ ಹೀಗೇ ಹೋಯ್ತು. ಮೂರು ತಿಂಗಳ ಹಿಂದೆ ಅವರ ಬಗ್‌ಝಿಲ್ಲಾದಲ್ಲಿ (ಬಗ್‌ಗಳನ್ನ ವರದಿ ಮಾಡೋ ಸೈಟ್) ರಿಪೋರ್ಟ್ ಹಾಕಿದೆ. ಮೊದಲು ಅನ್‌ಕನ್ಫರ್ಮ್ಡ್ ಅಂತಿತ್ತು, ಆಮೇಲೆ ನ್ಯೂ ಆಯ್ತು, ಅಂದ್ರೆ ಬಗ್ ನಿಜ ಅಂತ ಒಪ್ಪಿದ್ರು, ಸದ್ಯ ಯಾರೋ ನೋಡಿದ್ರಲ್ಲ ಅಂತ ಖುಷಿ ಪಟ್ಟೆ, ಹೋದ ವಾರ ನೋಡಿದ್ರೆ ರಿಸಾಲ್ವ್ಡ್ ಡುಪ್ಲಿಕೇಟ್ (ಇದೇ ಬಗ್ ಮೊದಲೇ ವರದಿಯಾಗಿದೆ) ಅಂತ ಮುಚ್ಚಿಬಿಟ್ಟಿದಾರೆ, ಅವ್ರು ಕೊಟ್ಟಿರೋ ಹಳೇ ಬಗ್ ತೆಗೆದ್ರೆ ಅದು ರಿಸಾಲ್ವ್ಡ್ ಫಿಕ್ಸ್ಡ್. ಸರಿ ಅಂತ ನನ್ನ ಲಿನಕ್ಸ್ ಡಿಸ್ಟ್ರೋ (ಉಬುಂಟು, ಡೆಬಿಯನ್ ಥರದ್ದು) ಕೊಟ್ಟ ಅಪ್‌ಡೇಟ್ ಎಲ್ಲಾ ಹಾಕ್ಕೊಂಡೆ, ಆದ್ರೂ ಸಾಲು ಹೋಗ್ತಾನೇ ಇವೆ. ಫಿಕ್ಸ್ ಆಗಿದೆ ಅಂದ್ರೆ ಎಲ್ಲಿ ಆಗಿದೆ? ರೀಓಪನ್ ಮಾಡೋದು ತಪ್ಪಾಗತ್ತಾ?

ಹಳೇಪ್ಯಾಚ್:
ಈಗ್ಲೇ ರೀಓಪನ್ ಮಾಡ್ಬೇಡಿ ಸರ್. ಡುಪ್ಲಿಕೇಟ್ ಅಂದ್ರೆ ನಿಮ್ಮ ರಿಪೋರ್ಟ್ ಕಸಕ್ಕೆ ಹೋಯ್ತು ಅಂತಲ್ಲ, ಇನ್ಮೇಲೆ ಮಾತುಕತೆ ಎಲ್ಲಾ ಆ ಹಳೇ ಬಗ್‌ನಲ್ಲೇ ನಡೆಯತ್ತೆ, ಅದ್ರ ಸಿಸಿ ಲಿಸ್ಟ್‌ನಲ್ಲಿ (ಮೇಲ್ ಹೋಗೋರ ಪಟ್ಟಿ) ನೀವಿದೀರಾ ನೋಡ್ಕೊಳ್ಳಿ, ಏನೇ ಬದಲಾದ್ರೂ ಮೇಲ್ ಬರತ್ತೆ.

ಬಹಳ ಪ್ರಾಜೆಕ್ಟ್‌ಗಳಲ್ಲಿ ಫಿಕ್ಸ್ಡ್ ಅಂದ್ರೆ ಸರಿ ಮಾಡಿರೋ ಕೋಡ್ ಮುಖ್ಯ ಬ್ರ್ಯಾಂಚ್‌ಗೆ (ಡೆವಲಪರ್‌ಗಳು ಕೆಲಸ ಮಾಡೋ ಕೋಡ್‌ನ ಮುಖ್ಯ ಪ್ರತಿ) ಸೇರಿದೆ ಅಂತ ಅಷ್ಟೆ, ರಿಲೀಸ್ ಆಗಿದೆ ಅಂತಲ್ಲ. ಫೈರ್‌ಫಾಕ್ಸ್‌ನವರು ಈ ಗೊಂದಲಕ್ಕೇ ಒಂದೊಂದು ವರ್ಷನ್‌ಗೂ ಬೇರೆ ಸ್ಟೇಟಸ್ ಫ್ಲ್ಯಾಗ್ ಇಟ್ಟಿದಾರೆ, ಒಂದೇ ಬಗ್ ಹೊಸ ವರ್ಷನ್‌ನಲ್ಲಿ ಫಿಕ್ಸ್ಡ್, ಹಳೇದ್ರಲ್ಲಿ ವೋಂಟ್‌ಫಿಕ್ಸ್ (ಸರಿ ಮಾಡಲ್ಲ) ಅಂತ ಇರೋದನ್ನ ನೀವೇ ನೋಡಬಹುದು. ಎಲ್ಲರೂ ಇಷ್ಟು ಅಚ್ಚುಕಟ್ಟಾಗಿ ಇಡಲ್ಲ. ಅದಕ್ಕೆ ಸ್ಟೇಟಸ್ ಪದ ಒಂದನ್ನೇ ನಂಬ್ಬೇಡಿ. ಹಳೇ ಬಗ್‌ನ ಕೊನೇ ಕಾಮೆಂಟುಗಳಲ್ಲಿ ಸಾಮಾನ್ಯವಾಗಿ ಕಮಿಟ್ (ಕೋಡ್‌ನಲ್ಲಿ ಮಾಡಿದ ಒಂದು ಬದಲಾವಣೆ) ಲಿಂಕ್ ಇರತ್ತೆ, ಅದು ಯಾವ ಟ್ಯಾಗ್‌ಗೆ (ರಿಲೀಸ್‌ಗೆ ಕೊಡೋ ಗುರುತು) ಸೇರಿದೆ ನೋಡಿ. ಗಿಟ್‌ಹಬ್ ಆದ್ರೆ ಕಮಿಟ್ ಪುಟದಲ್ಲೇ ಬ್ರ್ಯಾಂಚ್ ಮತ್ತು ಟ್ಯಾಗ್ ಹೆಸರು ಕಾಣತ್ತೆ. ಟ್ಯಾಗೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಫಿಕ್ಸ್ ಇನ್ನೂ ಯಾವ ರಿಲೀಸ್‌ನಲ್ಲೂ ಬಂದಿಲ್ಲ ಅಂತ ಅರ್ಥ.

ಮೂರನೇ ಶಾಖೆ:
ಇನ್ನೊಂದು ಮೆಟ್ಟಿಲು ಬಾಕಿ ಇದೆ. ನೀವು ಹಾಕ್ಕೊಂಡಿರೋದು ಡಿಸ್ಟ್ರೋದವರ ಪ್ಯಾಕೇಜ್, ಮೂಲ ಪ್ರಾಜೆಕ್ಟ್ ರಿಲೀಸ್ ಮಾಡಿದ ದಿನವೇ ಅದು ನಿಮ್ಮ ಕೈಗೆ ಬರಲ್ಲ. ಡೆಬಿಯನ್ ಸ್ಟೇಬಲ್ ಥರದವ್ರಲ್ಲಿ ವರ್ಷನ್ ನಂಬರ್ ಹೆಚ್ಚುಕಮ್ಮಿ ಅಲ್ಲೇ ನಿಂತಿರತ್ತೆ, ತೀರಾ ಬೇಕಾದ ಪ್ಯಾಚ್ (ಸರಿಪಡಿಸಿದ ಕೋಡ್ ತುಣುಕು) ಮಾತ್ರ ಹಳೇ ವರ್ಷನ್‌ಗೆ ಹೊಲೀತಾರೆ. 1994ರಿಂದ ನಡೀತಿರೋ ಅವರ ಬಗ್ ಟ್ರ್ಯಾಕರ್ ಇವತ್ತಿಗೂ ಇಮೇಲ್ ಮೇಲೇ ಓಡತ್ತೆ, ನೋಡೋಕೆ ಹಳೇದು ಅನ್ಸಿದ್ರೂ ಯಾವ ವರ್ಷನ್‌ನಲ್ಲಿ ಸಿಕ್ತು, ಯಾವುದ್ರಲ್ಲಿ ಸರಿ ಆಯ್ತು ಅಂತ ಎರಡನ್ನೂ ಬರ್ಕೊಳ್ಳತ್ತೆ, ನನಗಂತೂ ಅದು ತುಂಬಾ ಇಷ್ಟ. ಉಬುಂಟುದವರು ಬಳಸೋ ಲಾಂಚ್‌ಪ್ಯಾಡ್ ಸೈಟ್‌ನಲ್ಲಿ ಫಿಕ್ಸ್ ಕಮಿಟೆಡ್, ಫಿಕ್ಸ್ ರಿಲೀಸ್ಡ್ ಅಂತ ಎರಡು ಬೇರೆ ಬೇರೆ ಸ್ಟೇಟಸ್, ಮೂಲ ಪ್ರಾಜೆಕ್ಟ್‌ಗೊಂದು ಸಾಲು, ಉಬುಂಟುಗೊಂದು ಸಾಲು. ಆದ್ರೆ ಅಲ್ಲಿ ಇನ್‌ಕಂಪ್ಲೀಟ್ (ಮಾಹಿತಿ ಸಾಲದು) ಅಂತ ಕಂಡ್ರೆ ತಕ್ಷಣ ಉತ್ತರ ಕೊಡಿ, ಸುಮ್ನಿದ್ರೆ 60 ದಿನಕ್ಕೆ ತಾನಾಗೇ ಎಕ್ಸ್‌ಪೈರ್ ಆಗಬಹುದು.

ಕೀಲಿಮಣೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಕಮಿಟ್ ಸಿಕ್ತು, ಟ್ಯಾಗ್ ಒಂದೂ ಇಲ್ಲ, ಅಂದ್ರೆ ರಿಲೀಸೇ ಆಗಿಲ್ಲ! ನೈಟ್ಲಿ ಬಿಲ್ಡ್ (ದಿನಾ ಹೊಸ ಕೋಡ್‌ನಿಂದ ಮಾಡೋ ಪ್ರಯೋಗದ ಆವೃತ್ತಿ) ಇಳಿಸಿಕೊಂಡು ಅದೇ ಫೈಲ್ ತೆಗೆದೆ, ಮಾಮೂಲಿ ಫೋಲ್ಡರ್‌ನಲ್ಲಿ ಇಪ್ಪತ್ತು ಸಲ ಸೇವ್ ಮಾಡಿದ್ರೂ ಒಂದು ಸಾಲೂ ಹೋಗ್ಲಿಲ್ಲ, ಅದೇ ಫೈಲನ್ನ ನೆಟ್‌ವರ್ಕ್ ಡ್ರೈವ್‌ನಲ್ಲಿ ಇಟ್ರೆ ಮಾತ್ರ ಮೂರ್ನಾಲ್ಕು ಸಲಕ್ಕೊಮ್ಮೆ ಹೋಗತ್ತೆ. ಈಗ ರೀಓಪನ್ ಮಾಡ್ಬಹುದಾ?

ಹಳೇಪ್ಯಾಚ್:
ಇಷ್ಟು ಚೆನ್ನಾಗಿ ಬಿಡಿಸಿ ನೋಡಿದ್ರಲ್ಲ, ಇದೇ ಬೇಕಾಗಿದ್ದು. ನಾನು ಒಂದು ಪ್ರಾಜೆಕ್ಟ್‌ನಲ್ಲಿ ಟ್ರಯಾಜ್ (ಬಂದ ರಿಪೋರ್ಟ್‌ಗಳನ್ನ ನೋಡಿ ವಿಂಗಡಿಸೋದು) ಮಾಡ್ತೀನಿ, ನಂಗೂ ಬರ್ತಿದೆ ಅನ್ನೋ ಒಂದು ಸಾಲಿನ ಕಾಮೆಂಟ್ ನೂರು ಬಂದ್ರೂ ಬಗ್ ಒಂದು ಹೆಜ್ಜೆ ಮುಂದೆ ಹೋಗಲ್ಲ, ಲಿಸ್ಟ್‌ನಲ್ಲಿರೋ ಅಷ್ಟೂ ಜನಕ್ಕೆ ಮೇಲ್ ಹೋಗತ್ತೆ ಅಷ್ಟೆ, ನೀವು ಮಾಡಿರೋ ಥರ ಎಲ್ಲಿ ಬರತ್ತೆ ಎಲ್ಲಿ ಬರಲ್ಲ ಅಂತ ಒಬ್ರು ಹೇಳಿದ್ರೆ ನಮ್ಮ ಅರ್ಧ ಕೆಲಸ ಮುಗೀತು. ಹಳೇದನ್ನ ರೀಓಪನ್ ಮಾಡ್ಬೇಡಿ, ಅದಕ್ಕೆ ಹಾಕಿದ ಪ್ಯಾಚ್ ಸರಿಯಾಗೇ ಕೆಲಸ ಮಾಡ್ತಿದೆ, ಕಾರಣ ಬೇರೆ ಇದ್ರೆ ಎರಡೂ ಕಲಸಿಹೋಗತ್ತೆ. ಹೊಸ ರಿಪೋರ್ಟ್ ಹಾಕಿ, ಸೀ ಆಲ್ಸೋ ಜಾಗದಲ್ಲಿ ಹಳೇ ಬಗ್ ನಂಬರ್ ಕೊಡಿ, ನೈಟ್ಲಿ ಯಾವ ತಾರೀಕಿಂದು, ಡ್ರೈವ್ ಯಾವ ರೀತಿ ಮೌಂಟ್ ಆಗಿದೆ (ಕಂಪ್ಯೂಟರ್‌ಗೆ ಸೇರಿಕೊಂಡಿದೆ), ಎಷ್ಟು ಸಲಕ್ಕೆ ಎಷ್ಟು ಸಲ ಬಂತು ಅಷ್ಟು ಬರೀರಿ.

ಕೀಲಿಮಣೆ:
ಹಾಕಿದೆ. ಸಂಜೆ ಹೊತ್ತಿಗೆ ಯಾರೋ ಅವರ ಮಷೀನ್‌ನಲ್ಲೂ ಬಂತು ಅಂತ ಬರೆದು ನ್ಯೂ ಮಾಡಿದಾರೆ, ಲಾಗ್ ಕೇಳಿದಾರೆ, ಕಳಿಸ್ತಾ ಇದೀನಿ.