ಬೆಂಗಳೂರು–ದೆಹಲಿ ವಿಮಾನ ದೂರ: ಲೆಕ್ಕದಲ್ಲಿ 17 ಕಿ.ಮೀ. ಕಡಿಮೆ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಪ್ರಯಾಣದ ಅವಧಿಯನ್ನೂ ಲೆಕ್ಕ ಹಾಕಿಕೊಡುವ ಎಕ್ಸೆಲ್ ಹಾಳೆಯೊಂದನ್ನು ಹವ್ಯಾಸಕ್ಕೆಂದು ಸಿದ್ಧಪಡಿಸುತ್ತಿದ್ದೇನೆ. ಗೋಳದ ಮೇಲಿನ ಎರಡು ಜಾಗಗಳ ನಡುವಿನ ದೂರ ಕೊಡುವ ಹ್ಯಾವರ್ಸೈನ್ ಸೂತ್ರವನ್ನೇ ಬಳಸಿದ್ದೇನೆ, ಭೂಮಿಯ ತ್ರಿಜ್ಯವನ್ನು 6371 ಕಿ.ಮೀ. ಎಂದು ಹಿಡಿದಿದ್ದೇನೆ, ಡಿಗ್ರಿಗಳನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಾಯಿಸುವುದನ್ನೂ ಮರೆತಿಲ್ಲ. ಆದರೂ ಅಕ್ಷಾಂಶ, ರೇಖಾಂಶಗಳನ್ನು ಬೆಂಗಳೂರಿಗೆ 13.1156, 77.4220 ಮತ್ತು ದೆಹಲಿಗೆ 28.3407, 77.0644 ಎಂದು ಕೊಟ್ಟರೆ 1693 ಕಿ.ಮೀ. ಬರುತ್ತದೆ, ಬೇರೆ ಕಡೆಗಳಲ್ಲಿ ಸುಮಾರು 1710 ಎಂದಿದೆ. ಅದನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿದರೆ ಎರಡು ಗಂಟೆ ಸಿಗುತ್ತದೆ, ಟಿಕೆಟ್‌ನಲ್ಲಿ ಮಾತ್ರ 2 ಗಂಟೆ 50 ನಿಮಿಷ ಎಂದು ಬರೆದಿದೆ. ತಪ್ಪು ಎಲ್ಲಿದೆ?

ಉತ್ತರ:
ಸೂತ್ರ ಸರಿಯಾಗಿದೆ, ಅದಕ್ಕೆ ಉಣಿಸಿದ ಅಂಕಿಗಳು ತಪ್ಪಾಗಿವೆ. ನೀವು ಕೊಟ್ಟ ನಾಲ್ಕು ಸಂಖ್ಯೆಗಳಲ್ಲಿ ಬಿಂದುವಿನ ಮುಂದಿನ ಅಂಕಿಗಳನ್ನು ಎರಡೆರಡಾಗಿ ಓದಿ ನೋಡಿ: 11, 56, 42, 20, 34, 07, 06, 44. ಯಾವುದೂ 59ನ್ನು ದಾಟಿಲ್ಲ, ಅಂದರೆ ಇವು ಡಿಗ್ರಿಯ ಭಾಗಗಳಾದ ನಿಮಿಷ, ಸೆಕೆಂಡುಗಳು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ 11 ನಿಮಿಷ 56 ಸೆಕೆಂಡ್ ಆಗಿದ್ದು, ನೀವು ನಿಮಿಷ ಸೆಕೆಂಡುಗಳನ್ನು ಹಾಗೆಯೇ ದಶಮಾಂಶವೆಂದು ಬರೆದುಕೊಂಡಿದ್ದೀರಿ. ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3600ರಿಂದಲೂ ಭಾಗಿಸಿ ಕೂಡಿಸಿದರೆ ಬೆಂಗಳೂರು 13.1989, 77.7056 ಆಗುತ್ತದೆ, ದೆಹಲಿ 28.5686, 77.1122 ಆಗುತ್ತದೆ. ಎರಡು ಊರುಗಳ ಅಕ್ಷಾಂಶವೂ ಒಂದೇ ದಿಕ್ಕಿಗೆ ತಪ್ಪಿದ್ದರಿಂದ ವ್ಯತ್ಯಾಸದಲ್ಲಿ ತಪ್ಪಿನ ಒಂದು ಭಾಗ ಮುಚ್ಚಿಹೋಗಿದೆ. ಉತ್ತರ ಹುಚ್ಚಾಬಟ್ಟೆಯಾಗಿ ಬಂದಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಹೀಗೆ ನಂಬುವಂತೆ ಬರುವ ತಪ್ಪೇ ಹೆಚ್ಚು ಕಾಡುವುದು.

ಅವಧಿಯ ವಿಚಾರ ಬೇರೆ. ಟಿಕೆಟ್‌ನಲ್ಲಿರುವುದು ವಿಮಾನವು ನಿಂತ ಜಾಗದಿಂದ ಹೊರಟು ಇನ್ನೊಂದು ಕಡೆ ಬಂದು ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ಸಾಗುವುದು, ಮೇಲೇರುವಾಗ ಮತ್ತು ಇಳಿಯುವಾಗ ಕಡಿಮೆಯಾಗುವ ವೇಗ, ನಿಗದಿತ ವಾಯುಮಾರ್ಗಗಳ ಬಳಸುದಾರಿ ಎಲ್ಲವೂ ಅದರಲ್ಲಿ ಸೇರುತ್ತವೆ. ನಾನು ದೂರವನ್ನು 800ರಿಂದ ಭಾಗಿಸಿ 40 ನಿಮಿಷ ಕೂಡಿಸುತ್ತೇನೆ. ಈ ಮಾರ್ಗಕ್ಕೆ 2 ಗಂಟೆ 48 ನಿಮಿಷ ಬರುತ್ತದೆ. ಇದು ಕೈಯಂದಾಜು ಅಷ್ಟೇ.

ಪ್ರಶ್ನೆ ಕೇಳಿದವರು:
ದೂರ ಈಗ 1710 ಬಂತು, ಧನ್ಯವಾದಗಳು. ಅವಧಿಯನ್ನು ತಾಳೆ ನೋಡಲೆಂದು ಇಳಿಯುವ ಸಮಯದಿಂದ ಹೊರಡುವ ಸಮಯವನ್ನು ಕಳೆಯುವ ಕಾಲಂ ಸೇರಿಸಿದೆ. ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ದುಬೈ ತಲುಪುವ ಉದಾಹರಣೆ ಕೊಟ್ಟರೆ ಎರಡೂವರೆ ಗಂಟೆ ಎನ್ನುತ್ತದೆ. 2700 ಕಿ.ಮೀ.ಗೆ ಇದು ಸಾಧ್ಯವೇ ಇಲ್ಲವಲ್ಲ?

ಉತ್ತರ:
ಎರಡೂ ಆಯಾ ಊರಿನ ಸ್ಥಳೀಯ ಸಮಯಗಳು. ಮೊದಲು ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಯುಟಿಸಿಗೆ ತನ್ನಿ: ನಮ್ಮದರಲ್ಲಿ ಐದೂವರೆ ಗಂಟೆ ಕಳೆದರೆ 4.30, ದುಬೈಯದರಲ್ಲಿ ನಾಲ್ಕು ಗಂಟೆ ಕಳೆದರೆ 8.30, ಅಂದರೆ ಪ್ರಯಾಣ ನಾಲ್ಕು ಗಂಟೆ. ಈ ಅಂತರವನ್ನು ಊರಿಗೊಂದು ಸ್ಥಿರ ಸಂಖ್ಯೆಯಾಗಿ ಇಡಬೇಡಿ. ದುಬೈಗೆ ಅದು ಸರಿಹೋಗುತ್ತದೆ, ಆದರೆ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಸಮಯದ ಜೊತೆಗೆ ತಾರೀಕನ್ನೂ ಅದೇ ಕೋಶದಲ್ಲಿ ಬರೆಯಿರಿ. ಇಲ್ಲವಾದರೆ ಮಧ್ಯರಾತ್ರಿ ದಾಟುವ ವಿಮಾನಕ್ಕೆ ಋಣಸಂಖ್ಯೆ ಬಂದು, ಎಕ್ಸೆಲ್ ಕೋಶದ ತುಂಬ ##### ತೋರಿಸುತ್ತದೆ.